ಅಟ್ರೋಪಿನ್: ಕಣ್ಣಷ್ಟೇ ನೋಡಬೇಡಿ, ಎದೆ ಕೇಳಿ

ರಾಯಚೂರು, ಸಿಂಧನೂರು ಕಡೆ ನರ್ಸಿಂಗ್, ಫಾರ್ಮಸಿ ಓದುವವರಿಗೆ ಅಟ್ರೋಪಿನ್ ಬರೀ ಪರೀಕ್ಷೆಯ ಪ್ರಶ್ನೆಯಲ್ಲ. ಇದು ಹತ್ತಿ, ಭತ್ತದ ಸೀಮೆ. ಆರ್ಗನೋಫಾಸ್ಫೇಟ್ ಕ್ರಿಮಿನಾಶಕ ಮೈಗೇರಿದ ಕೇಸ್ ಬಂದರೆ ಮೊದಲು ಕೈಗೆ ಸಿಗಬೇಕಾದ ಆಂಪೂಲ್ ಇದೇ.

ರಸಾಯನದ ಭಾಗ ಚಿಕ್ಕದು. ಟ್ರೋಪಿನ್ ಮತ್ತು ಟ್ರೋಪಿಕ್ ಆಮ್ಲ ಸೇರಿ ಆದ ಎಸ್ಟರ್. ಅಣುತೂಕ ಸುಮಾರು 289. ಹೊಲದ ಬದುವಿನ ಉಮ್ಮತ್ತಿ ಗಿಡದಲ್ಲಿರುವ ಹಯೋಸಯಮಿನ್‌ನ ಎಡ, ಬಲ ರೂಪಗಳು ಸಮಪಾಲು ಸೇರಿದರೆ ಅಟ್ರೋಪಿನ್. ಕೆಲಸ ಮಾಡುವುದು ಹೆಚ್ಚಾಗಿ ಎಡರೂಪ. ಇದು ತೃತೀಯ ಅಮೈನ್, ಅಂದರೆ ಸದಾ ಚಾರ್ಜ್ ಹೊತ್ತಿರುವುದಿಲ್ಲ, ಹಾಗಾಗಿ ಮಿದುಳಿಗೂ ಹೋಗುತ್ತದೆ. ಇದೇ ಬಗೆಯ ಇನ್ನೊಂದು ಔಷಧ ಗ್ಲೈಕೋಪೈರೋಲೇಟ್ ಸದಾ ಚಾರ್ಜ್ ಹೊತ್ತಿರುವುದರಿಂದ ಅಲ್ಲಿಗೆ ಅಷ್ಟಾಗಿ ಹೋಗುವುದಿಲ್ಲ.

ಈಗ ಮುಖ್ಯ ವಿಷಯ. ನರಗಳ ಸಂದೇಶ ಸಾಗಿಸುವ ಅಸಿಟೈಲ್‌ಕೋಲಿನ್ ಒಡೆಯುವ ಕಿಣ್ವವನ್ನು ವಿಷ ಕಟ್ಟಿಹಾಕುತ್ತದೆ. ಅಸಿಟೈಲ್‌ಕೋಲಿನ್ ರಾಶಿಯಾಗುತ್ತದೆ. ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ಕಣ್ಣಿನ ಪಾಪೆ ಸಾಸಿವೆಯಷ್ಟು. ಆದರೆ ಪ್ರಾಣಕ್ಕೆ ದೊಡ್ಡ ಕುತ್ತು ತರುವುದು ಶ್ವಾಸಕೋಶದಲ್ಲಿ ತುಂಬುವ ನೀರು. ಅಟ್ರೋಪಿನ್ ಕಿಣ್ವವನ್ನು ಬಿಡಿಸುವುದಿಲ್ಲ. ಅಸಿಟೈಲ್‌ಕೋಲಿನ್ ಕೂರುವ ಮಸ್ಕರಿನಿಕ್ ಗ್ರಾಹಕದ ಜಾಗ ಹಿಡಿದು ಕೂರುತ್ತದೆ, ಬಸ್ ಸೀಟಿಗೆ ಟವೆಲ್ ಹಾಕಿದ ಹಾಗೆ. ನೂಕುನುಗ್ಗಲು ಜಾಸ್ತಿಯಾದರೆ ಒಂದೇ ಟವೆಲ್ ಸಾಲುವುದಿಲ್ಲ ಅಲ್ವಾ? ಅದಕ್ಕೇ ದೊಡ್ಡವರಿಗೆ ರಕ್ತನಾಳಕ್ಕೆ 1.8ರಿಂದ 3 ಮಿಲಿಗ್ರಾಂ, ಅಂದರೆ 0.6 ಮಿಲಿಗ್ರಾಂನ ಮೂರರಿಂದ ಐದು ಆಂಪೂಲ್ ಕೊಟ್ಟು ಶುರು ಮಾಡುತ್ತಾರೆ. ಐದು ನಿಮಿಷದಲ್ಲಿ ಸುಧಾರಿಸದಿದ್ದರೆ ಡೋಸ್ ದುಪ್ಪಟ್ಟು.

ಎಲ್ಲಿಯವರೆಗೆ? ಪಾಪೆ ಅರಳಿತು ಅಂತ ಸುಮ್ನೆ ನಿಲ್ಲಿಸಬಾರದು. ಕ್ರಿಮಿನಾಶಕ ಕಣ್ಣಿಗೇ ಸಿಡಿದಿದ್ದರೆ ಅದು ಬೇಗ ಅರಳುವುದೂ ಇಲ್ಲ. ಸ್ಟೆತಸ್ಕೋಪ್ ಇಟ್ಟಾಗ ಎದೆಯ ಗೊರಗೊರ ಹೋಗಿರಬೇಕು, ನಾಡಿ 80 ದಾಟಿರಬೇಕು, ಮೇಲಿನ ಬಿಪಿಯೂ 80 ದಾಟಿರಬೇಕು.

ಕೈಕಾಲು, ಕತ್ತು ಆಡಿಸುವ ಸ್ನಾಯುಗಳಲ್ಲಿರುವುದು ಇನ್ನೊಂದು ಬಗೆಯ ಗ್ರಾಹಕ, ನಿಕೋಟಿನಿಕ್. ಅದರ ಮೇಲೆ ಅಟ್ರೋಪಿನ್ ಆಟ ನಡೆಯದು. ಎದೆ ಸ್ವಚ್ಛವಾಗಿದ್ದರೂ ರೋಗಿಗೆ ದಿಂಬಿನಿಂದ ತಲೆ ಎತ್ತಲು ಆಗದಿದ್ದರೆ ಅಪಾಯ. ಉಸಿರಾಟದ ಸ್ನಾಯುಗಳೂ ಸೋಲಬಹುದು, ವೆಂಟಿಲೇಟರ್ ಸಿದ್ಧವಿರಲಿ.

ಡೋಸ್ ಮೀರಿದರೆ ಬೆವರೇ ನಿಲ್ಲುತ್ತದೆ. ನಮ್ಮ ಮೇ ತಿಂಗಳ 40 ಡಿಗ್ರಿ ಬಿಸಿಲಿನಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮೈ ಕಾದಿದೆ, ರೋಗಿ ಬಡಬಡಿಸುತ್ತಾ ಇಲ್ಲದ್ದನ್ನು ಗಾಳಿಯಲ್ಲಿ ಹಿಡಿಯುತ್ತಿದ್ದಾರೆ, ಹೊಟ್ಟೆಯಲ್ಲಿ ಕರುಳಿನ ಸದ್ದಿಲ್ಲ ಎಂದರೆ ತಕ್ಷಣ ಡಾಕ್ಟರಿಗೆ ಹೇಳಿ. ಅವರು ಅಟ್ರೋಪಿನ್ ಡ್ರಿಪ್ ನಿಲ್ಲಿಸಿ, ಅರ್ಧ ಗಂಟೆ ಬಿಟ್ಟು ಮತ್ತೆ ನೋಡುತ್ತಾರೆ. ಲಕ್ಷಣ ಇಳಿದಿದ್ದರೆ ಕಡಿಮೆ ವೇಗದಲ್ಲಿ ಮತ್ತೆ ಶುರು ಮಾಡುತ್ತಾರೆ.