ಮೆಂಬ್ರೇನ್ ಟೆಂಡರ್: ಮೊದಲು ಫ್ಲಕ್ಸ್, ಆಮೇಲೆ ರೇಟು

ಊರಿನ ನೀರು ಶುದ್ಧೀಕರಣ ಘಟಕಕ್ಕೆ ಮೆಂಬ್ರೇನ್, ಅಂದರೆ ನೀರು ಸೋಸುವ ಸಣ್ಣ ರಂಧ್ರಗಳ ಪೊರೆ, ಕೊಳ್ಳುವುದು ಪಂಪು ಕೊಂಡಷ್ಟು ಸಲೀಸಲ್ಲ. ಅದೇ 10 ಎಂಎಲ್‌ಡಿಗೆ (ದಿನಕ್ಕೆ ಒಂದು ಕೋಟಿ ಲೀಟರ್) ಒಬ್ಬ ಬಿಡ್‌ದಾರ 167 ಮಾಡ್ಯೂಲ್ (ಮೆಂಬ್ರೇನಿನ ಎಳೆಗಳನ್ನು ತುಂಬಿದ ಕೊಳವೆ) ತೋರಿಸುತ್ತಾನೆ, ಇನ್ನೊಬ್ಬ 105. ಇಬ್ಬರೂ ಸುಳ್ಳು ಹೇಳುತ್ತಿಲ್ಲ! ಅದು ಹೇಗೆ?

ಒಂದು ಚದರ ಮೀಟರ್ ಮೆಂಬ್ರೇನ್ ಗಂಟೆಗೆ ಎಷ್ಟು ಲೀಟರ್ ನೀರು ಬಿಡುತ್ತದೆ ಎಂಬುದೇ ಫ್ಲಕ್ಸ್. ಎಲ್‌ಎಂಎಚ್ ಎಂದು ಬರೆಯುತ್ತಾರೆ. 10 ಎಂಎಲ್‌ಡಿ ಅಂದರೆ ಗಂಟೆಗೆ ಸುಮಾರು 4,16,667 ಲೀಟರ್. 50 ಎಲ್‌ಎಂಎಚ್ ಹಿಡಿದರೆ 8,333 ಚದರ ಮೀಟರ್ ಬೇಕು, 80 ಹಿಡಿದರೆ 5,208 ಸಾಕು. ಮಾಡ್ಯೂಲ್ ಒಂದಕ್ಕೆ 50 ಚದರ ಮೀಟರ್ ಅಂದುಕೊಂಡು ಭಾಗಿಸಿ ನೋಡಿ, ಮೇಲಿನ ಎರಡು ಸಂಖ್ಯೆ ಸಿಗುತ್ತವೆ. ಫ್ಲಕ್ಸ್ ಏರಿಸಿದವನ ರೇಟು ಕಡಿಮೆ, ಅವನೇ ಎಲ್-ಒನ್, ಅಂದರೆ ಎಲ್ಲರಿಗಿಂತ ಕಡಿಮೆ ರೇಟಿನ ಬಿಡ್‌ದಾರ.

ಆದರೆ ಜೋರಾಗಿ ಎಳೆದಷ್ಟೂ ರಂಧ್ರ ಬೇಗ ಕಟ್ಟಿಕೊಳ್ಳುತ್ತದೆ. ಒತ್ತಡ ಏರುತ್ತದೆ, ಕರೆಂಟು ಜಾಸ್ತಿ ಬೇಕು. ಹೈಪೋ (ಕ್ಲೋರಿನ್ ದ್ರಾವಣ), ಸಿಟ್ರಿಕ್ ಆಸಿಡ್ ಹಾಕಿ ಪದೇಪದೇ ತೊಳೆಯಬೇಕು. ಅದಕ್ಕೇ ಗರಿಷ್ಠ ಫ್ಲಕ್ಸ್ ಎಷ್ಟಿರಬೇಕು ಎಂದು ಟೆಂಡರ್ ಕರೆಯುವವರೇ ಬರೆದುಬಿಡಬೇಕು. ಆ ಅಂಕಿ ಪೈಲಟ್ (ಸಣ್ಣ ಪ್ರಯೋಗ ಘಟಕ) ಓಡಿಸಿ ಬಂದದ್ದಾಗಿರಲಿ, ಅದೂ ಮಳೆಗಾಲದ ಕೆಂಪು ನೀರಿನಲ್ಲಿ. ಬೇಸಿಗೆಯ ತಿಳಿನೀರಿನಲ್ಲಿ ಎಲ್ಲ ಮೆಂಬ್ರೇನೂ ಜಾಣನೇ ಅಲ್ವಾ?

ಮೊದಲ ಸಲ ಈ ಲೆಕ್ಕ ಮಾಡಿದಾಗ ನಾನು ಬ್ಯಾಕ್‌ವಾಶ್, ಅಂದರೆ ನೀರನ್ನು ಹಿಮ್ಮುಖವಾಗಿ ಹರಿಸಿ ಮೆಂಬ್ರೇನ್ ತೊಳೆಯುವುದನ್ನು, ಮರೆತಿದ್ದೆ. ತೊಳೆಯಲು ಸೋಸಿದ ನೀರೇ ಹೋಗುತ್ತದೆ. ರಿಕವರಿ, ಅಂದರೆ ಸೋಸಿದ್ದರಲ್ಲಿ ಊರಿಗೆ ಉಳಿಯುವ ಪಾಲು, 95% ಇದ್ದರೆ ಊರಿಗೆ 10 ಕೊಡಲು 10.53 ಎಂಎಲ್‌ಡಿ ಸೋಸಬೇಕು. 8,333 ಚದರ ಮೀಟರ್ ಇದ್ದದ್ದು 8,772 ಆಗುತ್ತದೆ. ತೊಳೆಯುವಾಗ ಸೋಸುವ ಕೆಲಸ ನಿಂತಿರುತ್ತದೆ, ಆ ನಿಮಿಷಗಳನ್ನು ಬೇರೆ ಸೇರಿಸಿಕೊಳ್ಳಿ.

ಇಷ್ಟೆಲ್ಲ ಕಷ್ಟಪಟ್ಟು ಮೆಂಬ್ರೇನೇ ಯಾಕೆ? 1993ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಕ್ರಿಪ್ಟೊಸ್ಪೊರಿಡಿಯಂ ಎಂಬ ಪರಾವಲಂಬಿ ಸೋಸುವ ಘಟಕ ದಾಟಿ ನಲ್ಲಿಗೆ ಬಂತು. ಸುಮಾರು 4 ಲಕ್ಷ ಜನ ಭೇದಿಯಿಂದ ನರಳಿದರು. ಕ್ಲೋರಿನ್‌ಗೆ ಅದು ಜಗ್ಗುವುದಿಲ್ಲ. ಗಾತ್ರ 4ರಿಂದ 6 ಮೈಕ್ರಾನ್. ಇಂಥ ಅಲ್ಟ್ರಾಫಿಲ್ಟ್ರೇಶನ್ (ಅತಿ ಸೂಕ್ಷ್ಮ ಸೋಸುವಿಕೆ) ಮೆಂಬ್ರೇನಿನ ರಂಧ್ರವೋ 0.1 ಮೈಕ್ರಾನ್‌ಗಿಂತಲೂ ಸಣ್ಣದು. ನುಗ್ಗಲು ದಾರಿಯಿಲ್ಲ, ಮೆಂಬ್ರೇನಿನ ಎಳೆ ತುಂಡಾಗದಿದ್ದರೆ! ಅದನ್ನು ಪತ್ತೆಹಚ್ಚಲು ಗಾಳಿ ತುಂಬಿ, ಒತ್ತಡ ಎಷ್ಟು ಬೇಗ ಇಳಿಯುತ್ತದೆ ಎಂದು ನೋಡುತ್ತಾರೆ. ಸೈಕಲ್ ಟ್ಯೂಬಿನ ಪಂಕ್ಚರ್ ನೋಡಿದ ಹಾಗೆಯೇ. ಈ ಇಂಟೆಗ್ರಿಟಿ ಟೆಸ್ಟ್ ತಾನಾಗಿ ನಡೆಯುವ ವ್ಯವಸ್ಥೆ ಟೆಂಡರಿನಲ್ಲೇ ಇರಲಿ. ಆಮೇಲೆ ಕೇಳಿದರೆ ಅದು ಎಕ್ಸ್‌ಟ್ರಾ ಐಟಂ.

ಕೊನೆಯದು ಬದಲಿ ಮಾಡ್ಯೂಲ್. ಒಂದು ಕಂಪನಿಯದು ಇನ್ನೊಂದರ ಚೌಕಟ್ಟಿಗೆ ಸಾಮಾನ್ಯವಾಗಿ ಕೂರುವುದಿಲ್ಲ. ಹಾಗಾಗಿ ಮೊದಲು ಮೆಂಬ್ರೇನ್ ಆರಿಸಿ, ಆಮೇಲೆ ಅದರ ಅಳತೆಗೆ ಕಟ್ಟಡದ ಡ್ರಾಯಿಂಗ್ ಮಾಡುವ ಪದ್ಧತಿ ಅಮೆರಿಕದಲ್ಲಿದೆ. ಒಮ್ಮೆ ಕೊಂಡ ಮೇಲೆ ಮತ್ತೆ ಆ ಕಂಪನಿಯ ಬಾಗಿಲಿಗೇ ಹೋಗಬೇಕು. ಬದಲಿಸುವ ಹೊತ್ತಿಗೆ, ಉದಾಹರಣೆಗೆ ಏಳನೇ ವರ್ಷಕ್ಕೆ, ಮಾಡ್ಯೂಲ್ ಒಂದಕ್ಕೆ ಎಷ್ಟು ಎಂಬುದನ್ನು ಹಣಕಾಸು ಬಿಡ್‌ನಲ್ಲೇ ಬರೆಸಿಕೊಳ್ಳಿ. ಎಲ್-ಒನ್ ಯಾರೆಂದು ನೋಡುವಾಗ ಕರೆಂಟು ಮತ್ತು ಕೆಮಿಕಲ್ ಖರ್ಚಿನ ಜೊತೆ ಅದನ್ನೂ ಕೂಡಿಸಿ.