ಕಟಕಟ ಕೇಳುವುದು ಗೇರ್ ಲಿವರಿನಲ್ಲಿ, ಹುಟ್ಟುವುದು ಬೇರೆಲ್ಲೋ

ಬೆಳಗಾವಿಯ ತಿಲಕವಾಡಿಯಲ್ಲಿ ರೈಲ್ವೆ ಗೇಟ್ ಬಿದ್ದಾಗ ಹಳೆಯ ಕಾರಿದ್ದವರಿಗೆ ತಮ್ಮ ಗಾಡಿಯ ಒಳದನಿಯೆಲ್ಲ ಕೇಳಿಸುತ್ತದೆ. ಹೋದ ಮಳೆಗಾಲದ ಒಂದು ಸಂಜೆ ಹಾಗೆ ನ್ಯೂಟ್ರಲ್‌ನಲ್ಲಿ ನಿಂತಿದ್ದೆ. ಗೇರ್ ಲಿವರಿನ ಬುಡದಲ್ಲಿ ಕಟಕಟ ಶುರುವಾಯಿತು, ಸ್ಟೀಲ್ ಡಬ್ಬಿಯಲ್ಲಿ ನಾಲ್ಕು ಹುಣಸೆ ಬೀಜ ಹಾಕಿ ಅಲ್ಲಾಡಿಸಿದ ಹಾಗೆ. ರೈಲು ಹೋಯಿತು, ಗೇಟ್ ಎದ್ದಿತು, ಸದ್ದು ಮಾತ್ರ ಮನೆತನಕ ಜೊತೆಗೇ ಬಂತು. ಎರಡನೇ ಗೇರಿನಲ್ಲಿ ರೇಸ್ ಕೊಟ್ಟರೆ ಜೋರು, ಇನ್ನಷ್ಟು ವೇಗ ಏರಿದರೆ ಮಾಯ, ವೇಗ ಇಳಿದರೆ ಮತ್ತೆ ಹಾಜರು.

ಮೊದಲು ತೋರಿಸಿದ ಗ್ಯಾರೇಜಿನಲ್ಲಿ ಗೇರ್ ಬಾಕ್ಸ್ ಇಳಿಸಬೇಕು ಎಂದರು. ಇಪ್ಪತ್ತು ವರ್ಷ ದಾಟಿದ ಸಣ್ಣ ಕಾರು. ಗೇರ್ ಬಾಕ್ಸ್ ಬಿಚ್ಚುವ ಖರ್ಚಿಗೆ ಹೆದರಿ ಎಷ್ಟೋ ಜನ ಇಂಥ ಗಾಡಿಯನ್ನು ಗುಜರಿಗೆ ಹಾಕುತ್ತಾರೆ. ನನಗೆ ಮನಸ್ಸಾಗಲಿಲ್ಲ. ಖಾನಾಪುರ ರಸ್ತೆಯ ಕಡೆ ಒಬ್ಬ ವಯಸ್ಸಾದ ಮಿಸ್ತ್ರಿ ಇದ್ದಾರೆ, ಅವರಲ್ಲಿಗೆ ಒಯ್ದೆ. ಅವರು ಪಾನಾ ಮುಟ್ಟಲೇ ಇಲ್ಲ. ಪಕ್ಕದ ಸೀಟಿನಲ್ಲಿ ಕೂತು, "ಗೇರ್ ಬಾಕ್ಸ್ ಆಮ್ಯಾಲ ನೋಡೂಣ್ರಿ ಸರ. ಮೊದಲ ಲಿವರ್ ಮ್ಯಾಲ ಕೈ ಇಡ್ರಿ. ಹಿಡೀಬ್ಯಾಡ್ರಿ, ಬರೇ ಇಡ್ರಿ" ಎಂದರು. ಇಟ್ಟೆ. ಕಟಕಟ ನಿಂತಿತು. ತೆಗೆದೆ. ಮತ್ತೆ ಶುರು.

"ಅಂದ್ರ ಗೇರ್ ಬಾಕ್ಸಿಂದಲ್ಲೇನು ಕಾಕಾ?"

"ಹಲ್ಲು ಸವೆದ ಗೇರು ನಿಮ್ಮ ಕೈಗೆ ಅಂಜಿ ಸುಮ್ನಾಗ್ತೈತೇನ್ರಿ?"

ಈ ಒಂದು ಪರೀಕ್ಷೆಯಲ್ಲಿ ಎಷ್ಟು ವಿಜ್ಞಾನ ಅಡಗಿದೆ ನೋಡಿ. ಹಳೆಯ ಜೀಪುಗಳಲ್ಲಿ ಲಿವರ್ ನೇರವಾಗಿ ಗೇರ್ ಬಾಕ್ಸಿನ ತಲೆಯ ಮೇಲೇ ಕೂತಿರುತ್ತದೆ. ಮುಂದಿನ ಚಕ್ರಗಳಿಗೆ ಶಕ್ತಿ ಕೊಡುವ ಸಣ್ಣ ಕಾರುಗಳಲ್ಲಿ ಹಾಗಲ್ಲ. ಇಂಜಿನ್ನೂ ಗೇರ್ ಬಾಕ್ಸೂ ಬಾನೆಟ್ಟಿನ ಕೆಳಗೆ ಅಡ್ಡಡ್ಡ ಮಲಗಿರುತ್ತವೆ, ಲಿವರ್ ಇರುವುದು ನಮ್ಮ ಮಗ್ಗುಲಲ್ಲಿ. ನಡುವಿನ ದೂರಕ್ಕೆ ಕೆಲವು ಕಾರುಗಳಲ್ಲಿ ಕೇಬಲ್ ಇರುತ್ತದೆ, ಕೆಲವದರಲ್ಲಿ ಉದ್ದನೆಯ ರಾಡ್. ನನ್ನದು ರಾಡಿನದು. ಕೈಯ ಚಲನೆಯನ್ನು ಒಂದು ರಾಡ್ ಗೇರ್ ಬಾಕ್ಸಿಗೆ ಮುಟ್ಟಿಸಿದರೆ, ಅದರ ಜೊತೆಗಿರುವ ಎಕ್ಸ್‌ಟೆನ್ಶನ್ ರಾಡ್ ಲಿವರಿನ ಮನೆಯನ್ನು ಗೇರ್ ಬಾಕ್ಸಿಗೆ ಕಟ್ಟಿಹಾಕಿರುತ್ತದೆ. ಇಂಜಿನ್ ತೂಗಾಡಿದಾಗ ಲಿವರೂ ಜೊತೆಗೇ ತೂಗಾಡಲಿ, ಇಬ್ಬರ ನಡುವಿನ ಅಂತರ ಬದಲಾಗಿ ಗೇರ್ ತಾನಾಗಿ ಕಳಚದಿರಲಿ ಎಂದು ಈ ಏರ್ಪಾಟು. ಈ ರಾಡುಗಳು ಸೇರುವ ಒಂದೊಂದು ಕೀಲಿನಲ್ಲೂ ರಬ್ಬರಿನದೋ ನೈಲಾನಿನದೋ ಬುಶ್, ಅಂದರೆ ನಡುವೆ ತೂತಿರುವ ಸಣ್ಣ ಬಳೆ, ಕೂತಿರುತ್ತದೆ. ಲೋಹ ಲೋಹಕ್ಕೆ ತಾಗದಂತೆ ಕಾಯುವುದು ಅದರ ಕೆಲಸ.

ಮಿಸ್ತ್ರಿ ಬಿಚ್ಚಿ ನನ್ನ ಅಂಗೈಯಲ್ಲಿಟ್ಟ ಬುಶ್ ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದು. ದುಂಡಗಿರಬೇಕಾದ ತೂತು ಮೊಟ್ಟೆಯಾಕಾರವಾಗಿತ್ತು. ಒಂದು ಮಗ್ಗುಲು ಕಾಗದದಷ್ಟು ತೆಳ್ಳಗಾಗಿ ಸೀಳಿತ್ತು, ಅಂಚಿಗೆ ಕೆಂಪು ಧೂಳು ಮತ್ತು ಹಳೆಯ ಗ್ರೀಸು ಸೇರಿ ಕಪ್ಪು ಮೇಣದಂತೆ ಹತ್ತಿಕೊಂಡಿತ್ತು. ಸವೆತ ಅಳೆದರೆ ಅರ್ಧ ಮಿಲಿಮೀಟರ್ ಇರಬಹುದು. ಆದರೆ ಲಿವರ್ ಎಂಬುದು ಸನ್ನೆಗೋಲು. ಆಧಾರದ ಗುಂಡಿನಿಂದ ಕೆಳಗಿನ ತುದಿ 5 ಸೆಂಟಿಮೀಟರ್, ಮೇಲಿನ ಹಿಡಿಕೆ 30 ಸೆಂಟಿಮೀಟರ್ ದೂರವಿದೆ ಎಂದಿಟ್ಟುಕೊಳ್ಳಿ. ಕೆಳಗಿನ ಅರ್ಧ ಮಿಲಿಮೀಟರ್ ಸಡಿಲು ಮೇಲೆ 3 ಮಿಲಿಮೀಟರ್ ಆಗುತ್ತದೆ. ಇಂಥ ಎರಡು ಮೂರು ಕೀಲುಗಳ ಸಡಿಲು ಕೂಡಿದರೆ ಲಿವರ್ ಗಂಜಿಯಲ್ಲಿ ಸೌಟು ಆಡಿದಂತೆ ಆಡುತ್ತದೆ. ಇದನ್ನೇ ಗ್ಯಾರೇಜಿನವರು "ಪ್ಲೇ ಬಂದೈತಿ" ಎನ್ನುವುದು.

ಸರಿ, ಸಡಿಲು ಯಾವಾಗಲೂ ಇದೆ. ಸದ್ದು ಮಾತ್ರ ಒಂದು ವೇಗದಲ್ಲಿ ಬಂದು ಇನ್ನೊಂದರಲ್ಲಿ ಹೋಗುವುದೇಕೆ? ನಾಲ್ಕು ಹೊಡೆತದ ಇಂಜಿನ್ನಿನಲ್ಲಿ ಪ್ರತಿ ಸಿಲಿಂಡರ್ ಎರಡು ಸುತ್ತಿಗೊಮ್ಮೆ ಉರಿಯುತ್ತದೆ. ಮೂರು ಸಿಲಿಂಡರ್ ಇದ್ದರೆ ಸುತ್ತಿಗೆ ಒಂದೂವರೆ ನೂಕು. ನಿಮಿಷಕ್ಕೆ 800 ಸುತ್ತಿನ ಐಡಲ್‌ನಲ್ಲಿ ಅದು ಸೆಕೆಂಡಿಗೆ 20 ನೂಕು. 2000 ಸುತ್ತಿಗೆ 50. ಲಿವರಿಗೂ ತನ್ನದೇ ಒಂದು ತೂಗಾಟದ ಲಯ ಇರುತ್ತದೆ. ನೂಕುಗಳ ಲಯ ಅದಕ್ಕೆ ಹೊಂದಿತೆಂದರೆ, ಪಂಚಮಿಯ ಜೋಕಾಲಿಯನ್ನು ಸರಿಯಾದ ಹೊತ್ತಿಗೆ ಜೀಕಿದಂತೆ, ಸಣ್ಣ ನೂಕೇ ದೊಡ್ಡ ತೂಗಾಟವಾಗುತ್ತದೆ. ಇದು ಅನುರಣನ. ಪರೀಕ್ಷಿಸಬೇಕೆಂದರೆ ಹಿಡಿಕೆಯ ಕೆಳಗೆ ನಾಲ್ಕು ದಪ್ಪ ನಟ್ಟುಗಳನ್ನು ಟೇಪಿನಿಂದ ಬಿಗಿಯಾಗಿ ಕಟ್ಟಿ, ಗಾಡಿ ನಿಲ್ಲಿಸಿಯೇ ರೇಸ್ ಕೊಟ್ಟು ನೋಡಿ. ಭಾರ ಹೆಚ್ಚಾದಾಗ ಲಯ ನಿಧಾನವಾಗುತ್ತದೆ, ಕಟಕಟವೂ ಮೊದಲಿಗಿಂತ ಕಡಿಮೆ ಸುತ್ತಿಗೇ ಬರುತ್ತದೆ. ನಾನು ಮಾಡಿ ನೋಡಿದೆ, ಬಂತು. ಆ ಹೊತ್ತಿನ ಖುಷಿಯನ್ನು ಮನೆಯವರಿಗೆ ವಿವರಿಸಲು ಬಹಳ ಪ್ರಯತ್ನಪಟ್ಟೆ.

ಕೈ ಇಟ್ಟರೂ ಸದ್ದು ನಿಲ್ಲದಿದ್ದರೆ ದಾರಿ ಬೇರೆ. ಹ್ಯಾಂಡ್‌ಬ್ರೇಕ್ ಎಳೆದು, ನ್ಯೂಟ್ರಲ್‌ನಲ್ಲಿ ಇಂಜಿನ್ ಓಡುತ್ತಿರುವಾಗ ಕ್ಲಚ್ ಪೂರ್ತಿ ಒತ್ತಿ. ಒತ್ತಿದೊಡನೆ ಸದ್ದು ಅಡಗಿದರೆ ಅದು ಗೇರ್ ಬಾಕ್ಸಿನ ಒಳಗಿನದು, ಏಕೆಂದರೆ ಇಂಜಿನ್ ಈಗ ಅದನ್ನು ತಿರುಗಿಸುತ್ತಿಲ್ಲ. ಅಲ್ಲಿ ಗಾಡಿಯನ್ನು ಮುಂದಕ್ಕೆ ಒಯ್ಯುವ ಗೇರುಗಳ ಹಲ್ಲುಗಳೆಲ್ಲ ಸದಾ ಒಂದಕ್ಕೊಂದು ಕೂಡಿಯೇ ಇರುತ್ತವೆ. ಗೇರ್ ಹಾಕಿದಾಗ ಭಾರ ಹೊರುವುದು ಒಂದೇ ಜೋಡಿ, ಉಳಿದವು ಸುಮ್ಮನೆ ಸುತ್ತುತ್ತವೆ; ನ್ಯೂಟ್ರಲ್‌ನಲ್ಲಿ ಯಾವುದಕ್ಕೂ ಭಾರವಿಲ್ಲ. ಇಂಜಿನ್ನಿನ ಒಂದೊಂದು ನೂಕಿಗೂ ಈ ಬಿಡುವಾಗಿರುವ ಹಲ್ಲುಗಳು ಆಚೆ ಈಚೆ ಬಡಿದುಕೊಳ್ಳುತ್ತವೆ. ಆ ಬಡಿತ ತಗ್ಗಿಸಲೆಂದೇ ಕ್ಲಚ್ ಪ್ಲೇಟಿನಲ್ಲಿ ಪುಟ್ಟ ಸ್ಪ್ರಿಂಗುಗಳಿರುತ್ತವೆ. ಅವು ಸೋತರೂ ಕಟಕಟ, ಗೇರ್ ಆಯಿಲ್ ಕಡಿಮೆಯಾದರೂ ಕಟಕಟ. ಬೆಳಿಗ್ಗೆ ತಣ್ಣಗಿದ್ದಾಗ ಇಲ್ಲದ ಸದ್ದು ಹತ್ತಿಪ್ಪತ್ತು ಕಿಲೋಮೀಟರ್ ಓಡಿದ ಮೇಲೆ ಬಂದರೆ ಇದೇ ಇರುವ ಸಾಧ್ಯತೆ ಹೆಚ್ಚು, ಬಿಸಿಯಾದ ಎಣ್ಣೆ ತೆಳ್ಳಗಾಗಿ ಹಲ್ಲುಗಳನ್ನು ಹಿಡಿದಿಡಲಾರದು. ಕಟಕಟ ಅಲ್ಲದೆ ಗುಂಯ್ ಎಂಬ ಮೊರೆತವಿದ್ದರೆ ಒಳಗಿನ ಬೇರಿಂಗಿನ ಮೇಲೆ ಅನುಮಾನ ಪಡಿ. ಕ್ಲಚ್ ಒತ್ತಿದಾಗಲೇ ಸದ್ದು ಹುಟ್ಟಿದರೆ ಅನುಮಾನ ರಿಲೀಸ್ ಬೇರಿಂಗಿನ ಮೇಲೆ, ಅಂದರೆ ಪೆಡಲ್ ಒತ್ತಿದಾಗ ಕ್ಲಚ್ಚನ್ನು ಬಿಡಿಸುವ ಬೇರಿಂಗಿನ ಮೇಲೆ.

ಇನ್ನೊಂದು ಬಗೆ ಇದೆ: ರೇಸ್ ಕೊಟ್ಟಾಗ ಒಮ್ಮೆ, ಬಿಟ್ಟಾಗ ಒಮ್ಮೆ ಲಿವರ್ ಧಡಕ್ಕನೆ ಹಿಂದೆ ಮುಂದೆ ಹೋಗುವುದು. ಇದು ಇಂಜಿನ್ ಮೌಂಟಿಂಗಿನ, ಅಂದರೆ ಇಂಜಿನ್ನನ್ನು ಗಾಡಿಯ ಮೈಗೆ ಹಿಡಿದಿಡುವ ರಬ್ಬರಿನ ಆಧಾರದ ಕತೆ. ರಬ್ಬರಿಗೆ ಗಂಧಕ ಬೆರೆಸಿ ಕಾಯಿಸಿದರೆ ಅದರ ಉದ್ದನೆಯ ಅಣುಸರಪಳಿಗಳ ನಡುವೆ ಸೇತುವೆಗಳು ಬಿದ್ದು ಗಟ್ಟಿ ಸ್ಥಿತಿಸ್ಥಾಪಕತೆ ಬರುತ್ತದೆ. ಚಾರ್ಲ್ಸ್ ಗುಡ್‌ಇಯರ್ ಇದಕ್ಕೆ ಅಮೆರಿಕದಲ್ಲಿ ಪೇಟೆಂಟ್ ಪಡೆದದ್ದು 1844ರಲ್ಲಿ. ಬಾನೆಟ್ಟಿನ ಕೆಳಗಿನ ಕಾವಿನಲ್ಲಿ ಗಾಳಿಯ ಆಮ್ಲಜನಕ ವರ್ಷಾನುಗಟ್ಟಲೆ ಆ ಸರಪಳಿಗಳನ್ನು ಕೆಡಿಸುತ್ತ ಹೋಗುತ್ತದೆ. ರಬ್ಬರು ಪೆಡಸಾಗಿ ಬಿರಿಯುತ್ತದೆ. ಮೇಲೆ ಇಂಜಿನ್ ಆಯಿಲ್ ಸೋರಿದರಂತೂ ಉಬ್ಬಿ ಮೆತ್ತಗಾಗುತ್ತದೆ. ಒಬ್ಬರು ನ್ಯೂಟ್ರಲ್‌ನಲ್ಲಿ ರೇಸ್ ಕೊಡಲಿ, ನೀವು ಪಕ್ಕಕ್ಕೆ ನಿಂತು ಇಂಜಿನ್ ಎಷ್ಟು ಹೊರಳುತ್ತದೆ ನೋಡಿ. ತಿರುಗುವ ಬೆಲ್ಟಿನಿಂದ ಕೈ, ಬಟ್ಟೆ ದೂರ ಇರಲಿ.

ನನ್ನ ಗಾಡಿಗೆ ಸರಿಯಾದ ಅಳತೆಯ ಬುಶ್ ಅಂಗಡಿಯಲ್ಲಿ ಸಿಗಲಿಲ್ಲ. ಸಿಕ್ಕದ್ದು ತುಸು ಸಡಿಲ. ಫೌಂಡ್ರಿ, ಲೇಥ್‌ಗಳ ಉದ್ಯಮಬಾಗ ಹತ್ತಿರವೇ ಇರುವಾಗ ಚಿಂತೆ ಏಕೆ? ನೈಲಾನ್ ಸರಳಿನ ತುಂಡಿನಿಂದ ಲೇಥ್ ಮೇಲೆ ಹೊಸದನ್ನು ಕಡೆಸಿದೆವು. ಬಿಳಿ ಸುರುಳಿ ಸುರುಳಿಯಾಗಿ ನೈಲಾನ್ ಉದುರುವುದನ್ನು ನೋಡುತ್ತ ನಿಂತೆ. ಮಿಸ್ತ್ರಿ ಅದಕ್ಕೆ ಗ್ರೀಸ್ ಸವರಿ, ಹೆಬ್ಬೆರಳಿನಿಂದ ಒತ್ತಿ ಕೂರಿಸಿ, ಬೋಲ್ಟ್ ಬಿಗಿದು, ಐದು ನಿಮಿಷ ಇಂಜಿನ್ ಓಡಿಸಿದರು. ಕಟಕಟ ಇಲ್ಲ. ಲಿವರ್ ಇನ್ನೂ ತುಸು ನಡುಗುತ್ತಿತ್ತು. ಅದನ್ನು ತೋರಿಸಿದೆ. "ಅಷ್ಟ ಇರಬೇಕ್ರಿ ಸರ, ಅದು ಇಂಜಿನ್ ಕೂಡ ಕಟ್ಟಿದ್ದೈತಿ" ಎಂದು ಕೈ ಒರೆಸಿಕೊಂಡು ಮುಂದಿನ ಗಾಡಿಯ ಕಡೆ ಹೋದರು.