ಕೈ ಹೋಗದ ಬೋಲ್ಟುಗಳು: ಸೂಪರ್‌ಚಾರ್ಜರ್ ಅಳವಡಿಕೆಯ ಅಧ್ಯಯನ ಟಿಪ್ಪಣಿ

ದಾವಣಗೆರೆಯಲ್ಲಿ ಐಟಿಐ, ಡಿಪ್ಲೊಮಾ ಓದುತ್ತಾ, ಮನೆಯ ಶೆಡ್ಡಿನಲ್ಲಿ ಹಳೆಯ ಎಂಜಿನ್ ಬಿಚ್ಚಿ ಕಲಿಯುತ್ತಿರುವ ಗೆಳೆಯರಿಗಾಗಿ ಈ ಟಿಪ್ಪಣಿ. ಕಾರಿಗೆ ಸೂಪರ್‌ಚಾರ್ಜರ್ (ಎಂಜಿನ್ನಿಗೆ ಹೆಚ್ಚು ಗಾಳಿಯನ್ನು ಒತ್ತಿ ತುಂಬುವ ಯಂತ್ರ) ಕೂರಿಸುವಾಗ ಬಹುಪಾಲು ಬೋಲ್ಟುಗಳು ಬೇಗ ಮುಗಿಯುತ್ತವೆ. ಉಳಿದ ಮೂರ್ನಾಲ್ಕು ಮಾತ್ರ ಇಡೀ ದಿನವನ್ನು ನುಂಗುತ್ತವೆ. ಅವು ಕಷ್ಟವಾಗುವುದು ಬಿಗಿಯಾಗಿರುವುದರಿಂದಲ್ಲ, ಸ್ಪ್ಯಾನರ್ ತಿರುಗಲು ಜಾಗವಿಲ್ಲದ್ದರಿಂದ. ಈ ವ್ಯತ್ಯಾಸ ಮನಸ್ಸಿಗೆ ಬಂದರೆ, ಬಲ ಹಾಕುವುದನ್ನು ಬಿಟ್ಟು ಲೆಕ್ಕ ಹಾಕಲು ಶುರು ಮಾಡುತ್ತೇವೆ.

ಜಾಗ ಏಕೆ ಇಲ್ಲ ಎಂಬುದಕ್ಕೆ ಕಾರಣ ಯಂತ್ರದ ಸ್ವಭಾವದಲ್ಲೇ ಇದೆ. ಇದೇ ಕೆಲಸ ಮಾಡುವ ಟರ್ಬೊ ತಿರುಗುವುದು ಎಂಜಿನ್ನಿನ ಹೊಗೆಯಿಂದ. ಪೈಪು ಎಲ್ಲಿಗೆ ಹೋಗುತ್ತದೋ ಹೆಚ್ಚುಕಡಿಮೆ ಅಲ್ಲಿಗೆ ಅದನ್ನೂ ಒಯ್ಯಬಹುದು. ಸೂಪರ್‌ಚಾರ್ಜರಿಗೆ ಆ ಸ್ವಾತಂತ್ರ್ಯವಿಲ್ಲ. ಕ್ರ್ಯಾಂಕ್ (ಎಂಜಿನ್ನಿನ ಮುಖ್ಯ ದಂಡ) ಪುಲ್ಲಿಯಿಂದ ಬರುವ ಬೆಲ್ಟು ಅದನ್ನು ತಿರುಗಿಸಬೇಕು, ಆದ್ದರಿಂದ ಅದರ ಪುಲ್ಲಿ ಉಳಿದ ಪುಲ್ಲಿಗಳ ಸಾಲಿನಲ್ಲೇ ನಿಲ್ಲಬೇಕು. ಆ ಸಾಲಿನಲ್ಲಿ ಆಲ್ಟರ್ನೇಟರ್, ಎಸಿ ಕಂಪ್ರೆಸರ್, ನೀರಿನ ಪಂಪು ಮೊದಲೇ ಜಾಗ ಹಿಡಿದಿರುತ್ತವೆ. ಎಂಜಿನ್ ಅಡ್ಡಲಾಗಿ ಕೂತ ಸಣ್ಣ ಕಾರುಗಳಲ್ಲಿ ಈ ಬದಿಗೂ ಚಾಸಿಗೂ ನಡುವೆ ಉಳಿಯುವುದು ಕೈ ತೂರುವಷ್ಟು ಸಂದು ಮಾತ್ರ. ರೂಟ್ಸ್ ಮಾದರಿಯದಾದರೆ ಇನ್‌ಟೇಕ್ ಮ್ಯಾನಿಫೋಲ್ಡಿನ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆಗಳ) ಜಾಗದಲ್ಲಿ ಕೂರುತ್ತದೆ, ಅದರ ಹಿಂಬದಿಯ ಬೋಲ್ಟುಗಳು ಫೈರ್‌ವಾಲ್ (ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ತಗಡಿನ ಗೋಡೆ) ಕಡೆಗೆ ಮುಖ ಮಾಡುತ್ತವೆ. ಅಮೆರಿಕದ ಇಂಡಿಯಾನಾದ ರೂಟ್ಸ್ ಸಹೋದರರು 1860ರಲ್ಲಿ ಇದಕ್ಕೆ ಪೇಟೆಂಟ್ ಪಡೆದಾಗ ಮೋಟಾರು ಕಾರು ಎಂಬುದೇ ಇರಲಿಲ್ಲ. ಕುಲುಮೆಗೆ ಗಾಳಿ ಊದಲು ಬಳಕೆಯಾಗುತ್ತಿದ್ದ ಯಂತ್ರವನ್ನು ಮುಂದೆ ಬಾನೆಟ್ಟಿನ ಕೆಳಗೆ ತುರುಕಿದ್ದೇವೆ.

ಮೊದಲು ದಾರಿ

ಬ್ಯಾಟರಿಯ ನೆಗೆಟಿವ್ ತಂತಿ ತೆಗೆಯಿರಿ, ಎಂಜಿನ್ ಪೂರ್ತಿ ತಣ್ಣಗಾಗಲಿ. ಆಮೇಲೆ ಪ್ರತಿ ಬೋಲ್ಟಿಗೂ ಎಲ್ಲಿಂದ ದಾರಿ ಇದೆ ಎಂದು ನೋಡಿ: ಮೇಲಿನಿಂದಲೋ, ಕೆಳಗಿನಿಂದಲೋ, ಚಕ್ರದ ಗೂಡಿನಿಂದಲೋ. ಬೆಲ್ಟಿನ ಬದಿಯ ಮುಂದಿನ ಚಕ್ರ ಮತ್ತು ಅದರ ಒಳಗಿನ ಪ್ಲಾಸ್ಟಿಕ್ ಹೊದಿಕೆ ತೆಗೆದರೆ, ಮೇಲಿನಿಂದ ಕಾಣದ ಕೆಳಗಿನ ಬೋಲ್ಟು ಎಷ್ಟೋ ಸಲ ನೇರವಾಗಿ ಎದುರಿಗೆ ಬರುತ್ತದೆ. ಕಾರು ಆಕ್ಸಲ್ ಸ್ಟ್ಯಾಂಡಿನ ಮೇಲೆ ನಿಂತಿರಬೇಕು. ಬರೀ ಜಾಕಿನ ಮೇಲೆ ನಿಂತ ಕಾರಿನ ಕೆಳಗೆ ಕೈಯನ್ನೂ ಹಾಕಬೇಡಿ. ಎಸಿ ಕಂಪ್ರೆಸರ್ ಅಡ್ಡ ಬಂದರೆ ಗ್ಯಾಸಿನ ಪೈಪು ಬಿಚ್ಚದೆ, ಪೈಪು ಸಮೇತ ಪಕ್ಕಕ್ಕೆ ಸರಿಸಿ ತಂತಿಯಿಂದ ಕಟ್ಟಿ. ಅದರ ಭಾರ ಪೈಪಿನ ಮೇಲೆ ಜೋತು ಬೀಳಬಾರದು.

ಇಷ್ಟಾದರೂ ಸಾಲದಿದ್ದರೆ ಎಂಜಿನ್ನನ್ನೇ ಅಲುಗಿಸಬಹುದು. ಆಯಿಲ್ ಪ್ಯಾನಿನ ಕೆಳಗೆ ಅಗಲವಾದ ಮರದ ಹಲಗೆ ಇಟ್ಟು ಜಾಕಿನಿಂದ ಆಧಾರ ಕೊಟ್ಟು, ಆ ಬದಿಯ ಮೌಂಟ್ (ಎಂಜಿನ್ನನ್ನು ಚಾಸಿಗೆ ಹಿಡಿದಿಡುವ ಆಧಾರ) ಬಿಚ್ಚಿದರೆ ಎಂಜಿನ್ ಎರಡು ಮೂರು ಸೆಂಟಿಮೀಟರ್ ಇಳಿಯುತ್ತದೆ ಅಥವಾ ಏರುತ್ತದೆ. ಪೈಪು, ವೈರುಗಳು ಎಳೆದುಕೊಳ್ಳುತ್ತಿಲ್ಲ ಎಂಬುದನ್ನು ನೋಡುತ್ತಲೇ ಇರಬೇಕು. ಒಂದು ಬೋಲ್ಟಿಗಾಗಿ ಇಷ್ಟೆಲ್ಲ ಬಿಚ್ಚುವುದು ಸೋಲು ಎಂದು ಭಾವಿಸುವವರಿದ್ದಾರೆ. ನಾನು ಖಂಡಿತ ಒಪ್ಪುವುದಿಲ್ಲ. ಆಲ್ಟರ್ನೇಟರ್ ತೆಗೆಯುವುದಕ್ಕೆ ಹಿಡಿಯುವ ಸಮಯ ನಮಗೆ ಗೊತ್ತಿರುತ್ತದೆ. ತಲೆ ಸವೆದುಹೋದ ಬೋಲ್ಟನ್ನು ಹೊರತೆಗೆಯಲು ಎಷ್ಟು ಹೊತ್ತು ಬೇಕೆಂದು ಯಾರಿಗೂ ಹೇಳಲಾಗದು.

ತಿರುಗಲು ಎಷ್ಟು ಜಾಗ ಬೇಕು?

ಪರೀಕ್ಷೆಗೂ ಶೆಡ್ಡಿಗೂ ಎರಡಕ್ಕೂ ಉಪಯೋಗವಾಗುವ ಭಾಗ ಇದು. ಆರು ಮೂಲೆಯ ತಲೆ 60 ಡಿಗ್ರಿಗೊಮ್ಮೆ ತನ್ನನ್ನೇ ಹೋಲುತ್ತದೆ. ಬಾಯಿ ತೆರೆದ ಸ್ಪ್ಯಾನರಿನ ತಲೆಯನ್ನು ಹಿಡಿಗೆ 15 ಡಿಗ್ರಿ ಓರೆಯಾಗಿ ಮಾಡಿರುತ್ತಾರೆ. ಸ್ಪ್ಯಾನರನ್ನು ಪ್ರತಿ ಸಲ ಮಗುಚಿ ಹಾಕಿದರೆ 30 ಡಿಗ್ರಿ ಜಾಗದಲ್ಲೇ ಕೆಲಸ ಸಾಗಲಿ ಎಂಬುದು ಆ ಓರೆಯ ಉದ್ದೇಶ. ಹನ್ನೆರಡು ಮೂಲೆಯ ರಿಂಗ್ ಸ್ಪ್ಯಾನರಿಗೂ 30 ಡಿಗ್ರಿ ಸಾಕು. ಬೋಲ್ಟಿನಿಂದ ಎತ್ತದೆಯೇ ಹಿಂದೆ ಮುಂದೆ ಆಡಿಸಬಹುದಾದ, 36 ಹಲ್ಲಿನ ರಾಚೆಟ್‌ಗೆ 10 ಡಿಗ್ರಿ, 72 ಹಲ್ಲಿನದಕ್ಕೆ 5 ಡಿಗ್ರಿ.

ಡಿಗ್ರಿಯನ್ನು ಮಿಲಿಮೀಟರಿಗೆ ಇಳಿಸಿದಾಗಲೇ ಇದರ ಬೆಲೆ ತಿಳಿಯುವುದು. ಹಿಡಿಯ ಉದ್ದ 200 ಮಿಲಿಮೀಟರ್ ಇದ್ದರೆ, 30 ಡಿಗ್ರಿ ತಿರುಗಲು ಅದರ ತುದಿ ಸುಮಾರು 105 ಮಿಲಿಮೀಟರ್ ಚಲಿಸಬೇಕು. 5 ಡಿಗ್ರಿಗೆ ಸುಮಾರು 17 ಮಿಲಿಮೀಟರ್ ಸಾಕು. ಹಲ್ಲುಗಳ ನಡುವಿನ ಸಡಿಲಕ್ಕೆ ಇನ್ನು ಸ್ವಲ್ಪ ಸೇರಿಸಿಕೊಳ್ಳಿ. ಅಂದರೆ ಆಲ್ಟರ್ನೇಟರಿಗೂ ಚಾಸಿಗೂ ನಡುವೆ ಎರಡೂವರೆ ಸೆಂಟಿಮೀಟರ್ ಸಂದಿದ್ದರೆ, 30 ಡಿಗ್ರಿ ಬೇಡುವ ಸ್ಪ್ಯಾನರಿಗೆ ಅಸಾಧ್ಯವಾದ ಬೋಲ್ಟು 72 ಹಲ್ಲಿನ ರಾಚೆಟ್ಟಿಗೆ ನಿಧಾನವಾದರೂ ದಕ್ಕುತ್ತದೆ. ಪೂರ್ತಿ ಸೆಟ್ ಕೊಳ್ಳಲು ಹಣವಿಲ್ಲದಿದ್ದರೆ 10, 12 ಮತ್ತು 14 ಮಿಲಿಮೀಟರಿನ ರಾಚೆಟ್ ರಿಂಗ್ ಸ್ಪ್ಯಾನರ್ ಮೂರನ್ನೇ ಕೊಳ್ಳಿ. ಜಪಾನ್ ಮೂಲದ ಎಂಜಿನ್ನುಗಳಲ್ಲಿ ಎಂ6, ಎಂ8, ಎಂ10 (ಅಂದರೆ 6, 8, 10 ಮಿಲಿಮೀಟರ್ ದಪ್ಪದ) ಬೋಲ್ಟುಗಳ ತಲೆ ಸಾಮಾನ್ಯವಾಗಿ ಇದೇ ಅಳತೆಯಲ್ಲಿರುತ್ತದೆ. ಯುರೋಪಿನ ಎಂಜಿನ್ನಾದರೆ ಎಂ8ಕ್ಕೆ 13 ಬೇಕಾಗುತ್ತದೆ.

ಬಿಗಿಯ ಲೆಕ್ಕ

ಕೈ ತಲುಪಿದ ಮೇಲೆ ಎರಡನೇ ಪ್ರಶ್ನೆ: ಸರಿಯಾದಷ್ಟೇ ಬಿಗಿಯಾಗಿದೆಯೇ? ಸೂಪರ್‌ಚಾರ್ಜರಿನ ಮೈ, ಬ್ರಾಕೆಟ್ಟುಗಳು ಹೆಚ್ಚಾಗಿ ಅಲ್ಯೂಮಿನಿಯಂನವು. ಹೆಚ್ಚು ಬಿಗಿದರೆ ಥ್ರೆಡ್ ಕಿತ್ತುಬರುತ್ತದೆ, ಕಡಿಮೆಯಾದರೆ ಬ್ರಾಕೆಟ್ ಅಲುಗಿ ಬೆಲ್ಟು ಹಾರುತ್ತದೆ.

ನೇರವಾದ ಎಕ್ಸ್‌ಟೆನ್ಷನ್ ರಾಡು ಎಷ್ಟೇ ಉದ್ದವಿದ್ದರೂ ಕೈಯಿಂದ ನಿಧಾನವಾಗಿ ಬಿಗಿಯುವಾಗ ಟಾರ್ಕ್ (ತಿರುಗಿಸುವ ಬಲ) ಬದಲಾಗುವುದಿಲ್ಲ. ರಾಡು ಸ್ವಲ್ಪ ತಿರುಚಿಕೊಳ್ಳಬಹುದು, ಆದರೆ ಕೊನೆಗೆ ಅಷ್ಟೇ ಬಲ ಬೋಲ್ಟಿಗೆ ಮುಟ್ಟುತ್ತದೆ. ಓರೆಯಾಗಿ ಬಾಗುವ ಕೀಲಾದ ಯೂನಿವರ್ಸಲ್ ಜಾಯಿಂಟ್ ಹಾಗಲ್ಲ. ಅದು ಓರೆಯಾದಾಗ, ಕೊಟ್ಟ ಟಾರ್ಕನ್ನು ಆ ಕೋನದ ಕೊಸೈನಿನಿಂದ ಗುಣಿಸಿದರೆ ಬರುವುದು ಕನಿಷ್ಠ, ಭಾಗಿಸಿದರೆ ಬರುವುದು ಗರಿಷ್ಠ. ತಿರುಗುತ್ತಿದ್ದಂತೆ ಬೋಲ್ಟಿಗೆ ಸಿಗುವ ಟಾರ್ಕ್ ಈ ಎರಡರ ನಡುವೆ ಏರಿಳಿಯುತ್ತದೆ. 15 ಡಿಗ್ರಿಯಲ್ಲಿ ವ್ಯತ್ಯಾಸ ಸುಮಾರು ಮೂರೂವರೆ ಪ್ರತಿಶತ, ಚಿಂತೆಯಿಲ್ಲ. 30 ಡಿಗ್ರಿಯಲ್ಲಿ 25 ನ್ಯೂಟನ್ ಮೀಟರಿಗೆ ಟಾರ್ಕ್ ರೆಂಚ್ (ಇಟ್ಟಷ್ಟು ಟಾರ್ಕ್ ಮುಟ್ಟಿದಾಗ ಸದ್ದು ಮಾಡುವ ಸ್ಪ್ಯಾನರ್) ಇಟ್ಟರೆ ಬೋಲ್ಟಿಗೆ 21.7 ಸಿಗಬಹುದು, 28.9ರವರೆಗೂ ಸಿಗಬಹುದು. ರೆಂಚ್ ಮಾತ್ರ ಎರಡೂ ಸಲ ಅದೇ ‘ಕ್ಲಿಕ್’ ಸದ್ದು ಮಾಡುತ್ತದೆ. ಹಾಗಾಗಿ ಯೂನಿವರ್ಸಲ್ ಜಾಯಿಂಟ್ ಬಿಚ್ಚುವುದಕ್ಕಿರಲಿ, ಕೊನೆಯ ಬಿಗಿತಕ್ಕೆ ಬೇಡ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಸಾಕೆಟ್ ಕೂರದ ಕಡೆ, ಅಂದರೆ ಬೋಲ್ಟಿನ ತಲೆಯ ಮೇಲೆ ಪೈಪು ಹಾದುಹೋಗಿರುವಲ್ಲಿ, ಕ್ರೋಫುಟ್ ಬೇಕು. ಬಾಯಿ ತೆರೆದ ಸ್ಪ್ಯಾನರಿನ ತಲೆಯನ್ನಷ್ಟೇ ಕತ್ತರಿಸಿ ರಾಚೆಟ್ಟಿಗೆ ಸಿಕ್ಕಿಸುವಂತೆ ಮಾಡಿದ ತುಂಡು ಅದು. ರೆಂಚಿಗೆ ಅದನ್ನು ನೇರವಾಗಿ ಸಾಲಿನಲ್ಲಿ ಜೋಡಿಸಿದರೆ ಸನ್ನೆಕೋಲು ಉದ್ದವಾಗಿ ಬೋಲ್ಟಿಗೆ ಹೆಚ್ಚು ಟಾರ್ಕ್ ಬೀಳುತ್ತದೆ. ರೆಂಚಿನ ಚೌಕದಿಂದ (ಸಾಕೆಟ್ ಸಿಕ್ಕಿಸುವ ಚೌಕಾಕಾರದ ತುದಿ) ಹಿಡಿಯ ನಡುವಿನವರೆಗೆ 400 ಮಿಲಿಮೀಟರ್, ಕ್ರೋಫುಟ್ಟಿನ ಚೌಕದಿಂದ ಬೋಲ್ಟಿನ ನಡುವಿನವರೆಗೆ 40 ಮಿಲಿಮೀಟರ್ ಎಂದುಕೊಳ್ಳಿ. ಬೇಕಾದದ್ದು 25 ಆದರೆ ರೆಂಚಿನಲ್ಲಿ ಇಡಬೇಕಾದದ್ದು 25ನ್ನು 400ರಿಂದ ಗುಣಿಸಿ 440ರಿಂದ ಭಾಗಿಸಿದಷ್ಟು, ಅಂದರೆ 22.7. ಕ್ರೋಫುಟ್ಟನ್ನು ರೆಂಚಿಗೆ 90 ಡಿಗ್ರಿ ಅಡ್ಡಲಾಗಿ ಜೋಡಿಸಿದರೆ ಈ ಲೆಕ್ಕವೇ ಬೇಡ. ಸನ್ನೆಕೋಲಿನ ಉದ್ದ ಆಗ 400ರಿಂದ 402 ಆಗುತ್ತದೆ, ಅಷ್ಟೇ.

ಅಂಗಡಿಯಲ್ಲಿ ಸಿಗದ ಸ್ಪ್ಯಾನರ್

ನಮ್ಮದು ಹತ್ತಿ ಗಿರಣಿಗಳ ಊರಾಗಿತ್ತು. ಗಿರಣಿಗಳು ನಿಂತರೂ ಅರ ಹಿಡಿದು ಲೋಹ ತಿದ್ದುವ ಕಲೆ ಇಲ್ಲಿಂದ ಹೋಗಿಲ್ಲ. ಹೆದ್ದಾರಿ ಬದಿಯ ಲಾರಿ ಗ್ಯಾರೇಜುಗಳಲ್ಲಿ ಬಗ್ಗಿಸಿದ, ತುಂಡು ಮಾಡಿದ, ಬೆಸುಗೆ ಹಾಕಿದ ವಿಚಿತ್ರ ಆಕಾರದ ಸ್ಪ್ಯಾನರುಗಳು ಗೋಡೆಗೆ ತೂಗುತ್ತಿರುತ್ತವೆ. ಅವನ್ನು ಗಮನವಿಟ್ಟು ನೋಡಿ. ಪ್ರತಿಯೊಂದೂ ಯಾವುದೋ ಒಂದು ಬೋಲ್ಟಿಗೆ ಸಿಕ್ಕ ಉತ್ತರ. ಹಳೆಯ ರಿಂಗ್ ಸ್ಪ್ಯಾನರನ್ನು ಗ್ಯಾಸಿನಲ್ಲಿ ಕೆಂಪಗೆ ಕಾಯಿಸಿ ಬಗ್ಗಿಸಬಹುದು, ತಲೆಯ ಹೊರಮೈಯನ್ನು ಗ್ರೈಂಡರಿನಲ್ಲಿ ತೆಳ್ಳಗೆ ಮಾಡಬಹುದು. ಕಾಯಿಸಿದ ಕಡೆ ಉಕ್ಕು ತನ್ನ ಗಡಸುತನ ಕಳೆದುಕೊಳ್ಳುವುದರಿಂದ ಅಂಥದ್ದು ಎಂ6, ಎಂ8 ಬೋಲ್ಟಿಗೆ ಮಾತ್ರ ಸಾಕು.

ನನಗೆ ಅತಿ ಮೆಚ್ಚಿನ ಉಪಾಯ ಗೈಡ್ ಸ್ಟಡ್. ಅದೇ ಅಳತೆಯ ಉದ್ದ ಬೋಲ್ಟು ಎರಡನ್ನು ತಂದು, ತಲೆ ಕತ್ತರಿಸಿ, ತುದಿಯಲ್ಲಿ ಸ್ಕ್ರೂಡ್ರೈವರ್ ಹಿಡಿಯಲು ಗೀರು ಹಾಕಿ, ಎಂಜಿನ್ನಿನ ಎದುರುಬದುರು ತೂತುಗಳಿಗೆ ಕೈಯಿಂದಲೇ ತಿರುಗಿಸಿ. ಗ್ಯಾಸ್ಕೆಟ್ (ಸಂದು ಮುಚ್ಚುವ ತೆಳು ಹಾಳೆ) ಅದರ ಮೇಲೆ ನಿಲ್ಲುತ್ತದೆ, ಭಾರವಾದ ಸೂಪರ್‌ಚಾರ್ಜರ್ ಅದರ ಮೇಲೆಯೇ ಜಾರಿ ತನ್ನ ಜಾಗ ಸೇರುತ್ತದೆ. ಉಳಿದ ಬೋಲ್ಟುಗಳು ಕೂತ ಮೇಲೆ ಸ್ಟಡ್ ತೆಗೆದು ನಿಜವಾದ ಬೋಲ್ಟು ಹಾಕಿ. ಕಣ್ಣಿಗೆ ಕಾಣದ ತೂತಿಗೆ ಬೋಲ್ಟು ಒಯ್ಯುವಾಗ ಸಾಕೆಟ್ಟಿನೊಳಗೆ ಕಾಗದದ ಚೂರು ಸಿಕ್ಕಿಸಿದರೆ ತಲೆ ಬಿಗಿಯಾಗಿ ನಿಲ್ಲುತ್ತದೆ. ಬಿದ್ದ ಬೋಲ್ಟನ್ನು ಆಯಸ್ಕಾಂತದ ಕಡ್ಡಿ ಎತ್ತುತ್ತದೆ. ಸ್ಟೇನ್‌ಲೆಸ್ ಸ್ಟೀಲಿನದಾದರೆ ಬಹುತೇಕ ಎತ್ತುವುದಿಲ್ಲ, ಅದಕ್ಕೇ ಮ್ಯಾನಿಫೋಲ್ಡ್ ತೆಗೆದ ಕೂಡಲೇ ತೂತುಗಳನ್ನೆಲ್ಲ ಶುಭ್ರ ಬಟ್ಟೆಯಿಂದ, ಟೇಪಿನಿಂದ ಮುಚ್ಚಿಬಿಡಿ. ಮೆಕ್ಕೆಜೋಳ ಒಕ್ಕುವ ದಿನಗಳಲ್ಲಿ ನಮ್ಮ ಕಡೆ ಹಾರುವ ಧೂಳಿಗೂ ಇದು ಬೇಕು.

ಒಂದು ಮುಖ್ಯ ವಿಷಯ: 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಯಾರಕರ ಮೂಲ ವಿವರಕ್ಕೆ ಹೊಂದದಂತೆ ವಾಹನ ಬದಲಿಸುವುದನ್ನು ನಿರ್ಬಂಧಿಸುತ್ತದೆ. ರಸ್ತೆಗೆ ಇಳಿಯುವ ಕಾರಾದರೆ ಸ್ಪ್ಯಾನರ್ ಹಿಡಿಯುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ. ಕಲಿಕೆಗೆ ಸ್ಟ್ಯಾಂಡಿನ ಮೇಲಿನ ಎಂಜಿನ್ ಸಾಕು.

ಎಲ್ಲ ಬೋಲ್ಟುಗಳನ್ನೂ ಬೆರಳಿನಿಂದ ನಾಲ್ಕೈದು ಸುತ್ತು ಹಾಕುವವರೆಗೆ ಯಾವುದನ್ನೂ ಬಿಗಿಯಬೇಡಿ. ಒಂದನ್ನು ಮೊದಲೇ ಬಿಗಿದರೆ ಕೈ ಹೋಗದ ಮೂಲೆಯ ತೂತೇ ಓರೆಯಾಗುತ್ತದೆ. ಆಮೇಲೆ ನಡುವಿನಿಂದ ಅಂಚಿನ ಕಡೆಗೆ, ಎರಡು ಮೂರು ಹಂತದಲ್ಲಿ ಬಿಗಿಯಿರಿ. ಸಂಖ್ಯೆ ಕಿಟ್ಟಿನ ಪುಸ್ತಕದ್ದೇ ಆಗಿರಲಿ. ಥ್ರೆಡ್ಡಿಗೆ ಎಣ್ಣೆ ಹಚ್ಚಿದ್ದರೆ ಅದೇ ಟಾರ್ಕಿಗೆ ಬೋಲ್ಟು ಹೆಚ್ಚು ಎಳೆದುಕೊಳ್ಳುತ್ತದೆ, ಆದ್ದರಿಂದ ಪುಸ್ತಕ ಒಣ ಥ್ರೆಡ್ ಎಂದಿದ್ದರೆ ಒರೆಸಿಯೇ ಹಾಕಿ. ಬಿಗಿದ ಪ್ರತಿ ತಲೆಯ ಮೇಲೂ ಬ್ರಾಕೆಟ್ಟಿಗೆ ಸೇರುವಂತೆ ಪೇಂಟಿನ ಗೆರೆ ಎಳೆಯಿರಿ. ಎಂಜಿನ್ ಒಮ್ಮೆ ಬಿಸಿಯಾಗಿ ತಣಿದ ಮೇಲೆ ಕಾಣದ ಮೂಲೆಗೆ ಮೊಬೈಲ್ ಕ್ಯಾಮೆರಾ ತೂರಿಸಿ ನೋಡಿದರೆ, ಗೆರೆ ಮುರಿದಿರುವ ಬೋಲ್ಟು ಯಾವುದೆಂದು ಫೋಟೊದಲ್ಲೇ ಗೊತ್ತಾಗುತ್ತದೆ.